ನಗೆಯ ಮೂದಲಿಕೆ, ನಂಜಿನ ಬೈಗುಳ

ಹಾಡಿನಲ್ಲಿ ಎದುರಾಳಿಯನ್ನು ಮೂದಲಿಸುವುದು ಸಭ್ಯರಿಗೆ ಸಲ್ಲದ ಕೆಲಸವೆಂದು ಹೇಳತಕ್ಕ ಮಹನೀಯರ ಸಂಖ್ಯೆಯು ಈಚೆಗೆ ಕೊಪ್ಪಳ ಸೀಮೆಯಲ್ಲಿ ಹೆಚ್ಚುತ್ತಲಿದೆ. ಇವರ ಕೋಪಕ್ಕೆ ಗುರಿಗಳು ಎರಡು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಮೊಬೈಲನ್ನು ಅಂಗೈಯಲ್ಲಿ ಹಿಡಿದು, ಕೊರಿಯಾ ದೇಶದ ಯಾವುದೋ ಒಂದು ಗಾಯಕರ ಮೇಳದ ಪಕ್ಷ ವಹಿಸಿ, ಮತ್ತೊಂದು ಮೇಳದ ಅಭಿಮಾನಿಗಳನ್ನು ಹಗಲಿರುಳು ಹಂಗಿಸುವ ಹೊಸ ವಿನೋದವು ಮೊದಲನೆಯದು. ಊರ ಜಾತ್ರೆಯ ರಾತ್ರಿಯಲ್ಲಿ ಹರದೇಶಿ ನಾಗೇಶಿ ಮೇಳಗಳು ಎದುರುಬದುರಾಗಿ ನಿಂತು, ಬೆಳಕು ಹರಿಯುವ ವರೆಗೆ ಒಬ್ಬರನ್ನೊಬ್ಬರು ಜರೆದು ಹಾಡುವ ಹಳೆಯ ವಿನೋದವು ಎರಡನೆಯದು. ಹೊಸದನ್ನು ಪರದೇಶದ ಪಿಡುಗೆಂದೂ ಹಳೆಯದನ್ನು ಹಳ್ಳಿಗರ ಒರಟುತನವೆಂದೂ ಕರೆದು, ಎರಡನ್ನೂ ಒಂದೇ ಕಸಬರಿಗೆಯಿಂದ ಗುಡಿಸಿ ಹಾಕಬೇಕೆಂಬುದು ಇವರ ಅಭಿಪ್ರಾಯ.

ಈ ಅಭಿಪ್ರಾಯವು ಸದುದ್ದೇಶದಿಂದಲೇ ಹುಟ್ಟಿರಬಹುದು. ಆದರೆ ಸದುದ್ದೇಶದಿಂದ ಹುಟ್ಟಿದ ಮಾತ್ರಕ್ಕೆ ಒಂದು ತಪ್ಪು ಅಭಿಪ್ರಾಯವು ಸರಿಯಾಗುವದಿಲ್ಲ. ನಗೆಯಿಂದ ಹುಟ್ಟಿ ನಗೆಯಲ್ಲಿ ಮುಗಿಯುವ ಮೂದಲಿಕೆ ಬೇರೆ, ನಂಜಿನಿಂದ ಹುಟ್ಟಿ ನಂಜನ್ನೇ ಬೆಳೆಸುವ ಬೈಗುಳ ಬೇರೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವವರು ತೂಕವನ್ನೇ ಅರಿಯರು. ಅಷ್ಟೇ ಅಲ್ಲ, ಮೊದಲನೆಯದನ್ನು ಊರಿನಿಂದ ಹೊರಗಟ್ಟಿದರೆ ಎರಡನೆಯದು ತಾನಾಗಿ ಬಂದು ಆ ಮನೆಯನ್ನು ಹೊಕ್ಕು ಕೂಡ್ರುತ್ತದೆಂಬ ಭಯವು ಇವರಿಗೆ ಹೊಳೆದೇ ಇಲ್ಲ.

ಮೊದಲು ಕೊರಿಯಾದ ಸಂಗತಿಯನ್ನೇ ನೋಡಬಹುದು. ದಕ್ಷಿಣ ಕೊರಿಯಾದಲ್ಲಿ 1996ರಲ್ಲಿ ಎಚ್.ಒ.ಟಿ. ಎಂಬ ಐವರು ತರುಣರ ಮೇಳವೂ, 1997ರಲ್ಲಿ ಜೆಕ್ಸ್‌ಕಿಸ್ ಎಂಬ ಆರು ಮಂದಿಯ ಮೇಳವೂ ರಂಗಕ್ಕೆ ಬಂದವು. ಮೊದಲನೆಯ ಮೇಳದ ಅಭಿಮಾನಿಗಳು ಬಿಳಿಯ ಬಲೂನುಗಳನ್ನೂ, ಎರಡನೆಯದರ ಅಭಿಮಾನಿಗಳು ಹಳದಿಯ ಬಲೂನುಗಳನ್ನೂ ಹಿಡಿದು ಸಭಾಂಗಣದಲ್ಲಿ ಬೇರೆ ಬೇರೆಯಾಗಿ ಕೂಡ್ರುತ್ತಿದ್ದರು. ಬಣ್ಣವೇ ಧ್ವಜ, ಕೂಗೇ ಆಯುಧ. ತರುವಾಯ ಮೇಳಗಳು ಬೆಳೆದವು. 2013ರಲ್ಲಿ ಬಿ.ಟಿ.ಎಸ್. ಎಂಬ ಏಳು ತರುಣರ ಮೇಳವೂ, 2016ರಲ್ಲಿ ಬ್ಲ್ಯಾಕ್‌ಪಿಂಕ್ ಎಂಬ ನಾಲ್ವರು ತರುಣಿಯರ ಮೇಳವೂ ಹುಟ್ಟಿ ಜಗತ್ತನ್ನೆಲ್ಲ ಸುತ್ತಿದವು. ಮೊದಲನೆಯದರ ಅಭಿಮಾನಿಗಳು ತಮ್ಮನ್ನು ‘ಆರ್ಮಿ’ ಎಂದು ಕರೆದುಕೊಳ್ಳುತ್ತಾರೆ, ಎರಡನೆಯದರವರು ‘ಬ್ಲಿಂಕ್’ ಎಂದು. ಬಲೂನಿನ ಸ್ಥಾನಕ್ಕೆ ಈಗ ಮಿನುಗುವ ದೀಪದ ಕೋಲು ಬಂದಿದೆ. ಮೇಳಕ್ಕೊಂದು ಆಕಾರದ ಕೋಲು. ಹೆಸರು, ಬಣ್ಣ, ಲಾಂಛನ ಇವು ಮೂರೂ ಕೂಡಿದ ಮೇಲೆ ಪಂಗಡವಾಯಿತು. ಪಂಗಡವಾದ ಮೇಲೆ ಹಂಗಿಸುವ ಮಾತು ಹುಟ್ಟದೆ ಇದ್ದೀತೆ?

ಆ ಮಾತುಗಳಾದರೂ ಎಂತಹವು! ಕೊರಿಯಾದ ಭಾಷೆಯಲ್ಲಿ ‘ನುಗು’ ಎಂದರೆ ‘ಯಾರು?’ ಎಂದರ್ಥ. ಎದುರು ಪಕ್ಷದವರ ಮೇಳವನ್ನು ‘ನುಗು’ ಎಂದು ಕರೆದರೆ ಅದೇ ದೊಡ್ಡ ಬೈಗುಳ. ‘ನಿಮ್ಮವರ ಹೆಸರನ್ನು ಕೇಳಿದವರೇ ಇಲ್ಲವಲ್ಲ, ಯಾರಪ್ಪಾ ಅವರು?’ ಎಂದು ಕೇಳಿದಂತೆ. ಕನ್ನಡದ ಹಳ್ಳಿಗರು ‘ಯಾವೂರ ದಾಸಯ್ಯ?’ ಎಂದು ಕೇಳುವಾಗ ಇರುವ ಹುರುಳೂ ಇಷ್ಟೇ. ಹಾಡೊಂದು ಎಣಿಸಿದಷ್ಟು ಜನಪ್ರಿಯವಾಗದೆ ಹೋದರೆ ಅದನ್ನು ‘ಫ್ಲಾಪ್’ ಎಂದು ವರ್ಷಗಟ್ಟಲೆ ಹಾಡಿದ್ದೇ ಹಾಡುತ್ತಾರೆ. 2014ರಲ್ಲಿ ರಂಗಕ್ಕೆ ಬಂದ ಮಮಾಮೂ ಎಂಬ ನಾಲ್ವರು ಗಾಯಕಿಯರ ಮೇಳವೊಂದುಂಟು. ಕೊರಿಯಾದಲ್ಲಿ ಮೂಲಂಗಿಗೆ ‘ಮೂ’ ಎನ್ನುವುದರಿಂದ ಅವರ ಅಭಿಮಾನಿಗಳು ಹಿಡಿಯುವ ದೀಪದ ಕೋಲು ಮೂಲಂಗಿಯ ಆಕಾರದ್ದಾಯಿತು. ಸಾವಿರಾರು ಜನರು ಕತ್ತಲಲ್ಲಿ ಮಿನುಗುವ ಮೂಲಂಗಿಗಳನ್ನು ಎತ್ತಿ ಹಿಡಿದು ನಿಂತಿರುವ ನೋಟವನ್ನು ವಾಚಕರು ಊಹಿಸಿಕೊಳ್ಳಬೇಕು. ನೋಡಿದವರು ನಗುತ್ತಾರೆ, ಹಿಡಿದವರು ಅವರಿಗಿಂತ ಮುಂಚೆಯೇ ನಕ್ಕಿರುತ್ತಾರೆ. ಇಂತಹ ಮಾತಿನಿಂದ ಯಾರ ಮನೆ ಉರಿದೀತು? ಕುಷ್ಟಗಿಯ ಸಂತೆಯಲ್ಲಿ ಕಾಯಿಪಲ್ಯ ಮಾರುವ ಇಬ್ಬರು ಬಾಯಾಳಿ ಹೆಂಗಸರ ನಡುವೆ ಒಂದು ತಾಸಿನಲ್ಲಿ ನಡೆಯುವ ಮಾತಿಗೆ ಇದು ಸರಿಸಮವಾಗಲಾರದು.

‘ಅದೇನೇ ಇರಲಿ, ಈ ಚಟವು ಕನ್ನಡ ನಾಡಿನದಲ್ಲ’ ಎಂದು ಮಹನೀಯರು ಹೇಳುತ್ತಾರೆ. ಇಲ್ಲಿಯೇ ಅವರು ಎಡವುವುದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳುಗನ್ನಡದ ನೆಲೆಯನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಸ್ಥಳಗಳಲ್ಲಿ ಕೊಪಣ ನಗರವೂ ಒಂದೆಂಬುದನ್ನು ಈ ಜಿಲ್ಲೆಯ ಸಭೆಗಳಲ್ಲಿ ಭಾಷಣಕಾರರು ಪದೇ ಪದೇ ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ಓದಿ ಕಲಿಯದವರೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಅದೇ ಗ್ರಂಥವು ಈ ನಾಡಿನ ಜನರನ್ನು ಹೊಗಳಿದೆಯೆಂಬುದನ್ನೂ ಅವರು ಮರೆಯುವದಿಲ್ಲ. ಆದರೆ ಓದಿ ಕಲಿಯದೆ ಕಾವ್ಯವನ್ನು ಬಳಸುವ ಆ ಜನರು ಇಂದು ಎಲ್ಲಿದ್ದಾರೆಂದು ಕೇಳಿದರೆ ಬೆರಳಿಟ್ಟು ತೋರಿಸಬೇಕಾದ ಸ್ಥಳಗಳಲ್ಲಿ ಗೀಗೀ ಮೇಳದ ಅಟ್ಟವು ಮುಖ್ಯವಾದುದು. ಚಪ್ಪಾಳೆಗಾಗಿ ಕವಿರಾಜಮಾರ್ಗ ಬೇಕು, ಅದು ಹೊಗಳಿದ ಜನರ ಬಾಯಿ ಮಾತ್ರ ಬೇಡ! ಇದೆಂತಹ ಅಭಿಮಾನ?

ಗೀಗೀ ಮೇಳವನ್ನು ಕಾಣದೆ ಬೆಳೆದ ತರುಣರೂ ಇದ್ದಾರೆಂಬುದರಿಂದ ಅದರ ಸ್ವರೂಪವನ್ನು ಸ್ವಲ್ಪ ಹೇಳಬೇಕಾಗಿದೆ. ಮುಂದಿನ ಹಾಡುಗಾರನ ಕೈಯಲ್ಲಿ ದಪ್ಪು. ಜೊತೆಗಾರರ ಕೈಯಲ್ಲಿ ತುಂತುಣಿ, ತಾಳ. ಮುಂದಿನವನು ಪದದ ನುಡಿಯನ್ನು ಎತ್ತುತ್ತಾನೆ, ಹಿಂದಿನವರು ‘ಗೀಗೀ’ ಎಂದು ಎಳೆದು ಹಿಮ್ಮೇಳ ಕೊಡುತ್ತಾರೆ. ಒಂದು ಮೇಳ ಹರದೇಶಿ, ಮತ್ತೊಂದು ನಾಗೇಶಿ. ಹರದೇಶಿಯವರು ಶಿವನೇ ಹೆಚ್ಚು, ಗಂಡೇ ಮೇಲು ಎಂದು ವಾದಿಸತಕ್ಕವರು. ನಾಗೇಶಿಯವರು ಶಕ್ತಿಯೇ ಹೆಚ್ಚು, ಹೆಣ್ಣೇ ಮೇಲು ಎಂದು ಸಾಧಿಸತಕ್ಕವರು. ಸ್ತುತಿಯಿಂದ ಹಾಡಿಕೆಯನ್ನು ಆರಂಭಿಸಿ, ಇವರು ಸವಾಲು ಹಾಕಿದರೆ ಅವರು ಜವಾಬು ಕೊಟ್ಟು, ಮತ್ತೊಂದು ಸವಾಲನ್ನು ಎಸೆದು, ಹೀಗೆ ರಾತ್ರಿಯೆಲ್ಲ ನಡೆದ ವಾದವು ಮುಂಜಾವಿಗೆ ಮಂಗಳದಲ್ಲಿ ಮುಗಿಯುತ್ತದೆ. ವಿಜಾಪುರ, ಬಾಗಲಕೋಟೆ, ಬೆಳಗಾವಿಯ ಕಡೆಗೆ ಇದರ ಬೆಳೆ ಹುಲುಸು. ಅಲ್ಲಿಂದ ಕುಷ್ಟಗಿ ಯಲಬುರ್ಗಿಗಳ ಎರೆಯ ಹೊಲಗಳ ವರೆಗೂ ಅದರ ಬೀಜ ಹಾರಿದೆ.

ಈ ಎರಡು ಪಂಗಡಗಳ ಮೂಲದ ವಿಷಯದಲ್ಲಿ ಒಂದು ಐತಿಹ್ಯವುಂಟು. ತುಕನಗಿರಿ ಎಂಬ ಗೋಸಾವಿಯೂ ಶಹಾಅಲಿ ಎಂಬ ಫಕೀರನೂ ಕೂಡಿ ಹಾಡುತ್ತಿದ್ದರಂತೆ. ಅವರ ಹಾಡಿಗೆ ಒಲಿದ ಅರಸನೊಬ್ಬನು ತನ್ನ ಮುಡಿಯ ತುರಾಯಿಯನ್ನು ಒಬ್ಬನಿಗೂ ಕಲ್ಗಿಯನ್ನು ಮತ್ತೊಬ್ಬನಿಗೂ ಕೊಟ್ಟನಂತೆ. ಶಿವಪಕ್ಷದವರು ತುರಾದವರಾದರು, ಶಕ್ತಿಪಕ್ಷದವರು ಕಲ್ಗಿಯವರಾದರು. ಐತಿಹ್ಯವು ಇತಿಹಾಸವಲ್ಲವೆಂಬುದು ನಿಜ. ಆದರೂ ಒಂದು ಜನಾಂಗವು ತನ್ನ ಜಗಳದ ಹುಟ್ಟನ್ನು ಹೇಗೆ ನೆನೆಯುತ್ತದೆಂಬುದು ಗಮನಿಸತಕ್ಕ ವಿಷಯ. ಇಬ್ಬರು ವೈರಿಗಳ ಕತೆಯನ್ನು ಅದು ಕಟ್ಟಲಿಲ್ಲ. ಬೇರೆ ಬೇರೆ ಮತದ ಇಬ್ಬರು ಗೆಳೆಯರ ಕತೆಯನ್ನು ಕಟ್ಟಿತು. ವಾದವು ಗೆಳೆತನದ ಮನೆಯಲ್ಲಿ ಹುಟ್ಟಿದ ಕೂಸು ಎಂಬುದು ಅದರ ತಾತ್ಪರ್ಯ. ಕನ್ನಡದ ಲಾವಣಿಯ ಹೆಸರಾಂತ ಕವಿಗಳಲ್ಲಿ ಹಲಸಂಗಿಯ ಖಾಜಾಭಾಯಿ ಒಬ್ಬನೆಂಬುದನ್ನೂ, ಅದೇ ಹಲಸಂಗಿಯ ಗೆಳೆಯರು 1933ರಲ್ಲಿ ‘ಜೀವನ ಸಂಗೀತ’ವೆಂಬ ಹೆಸರಿನಿಂದ ಲಾವಣಿಗಳನ್ನು ಅಚ್ಚು ಹಾಕಿಸಿ ಪಂಡಿತರ ಮುಂದೆ ಇಟ್ಟರೆಂಬುದನ್ನೂ ಇಲ್ಲಿ ನೆನೆಯಬೇಕು. ಅಂದಿನ ಆ ರಸಿಕರಿಗೆ ಕಂಡ ಸೊಗಸು ಇಂದಿನ ಮಹನೀಯರಿಗೆ ಕಾಣದೆ ಹೋದರೆ ದೋಷವು ಹಾಡಿನದೋ ಕಣ್ಣಿನದೋ?

ಇನ್ನು ಮೂದಲಿಕೆಯ ಬಗೆಯನ್ನು ನೋಡಬೇಕು. ನಾಗೇಶಿಯವರು ಹಾಡತಕ್ಕದ್ದೇನು? ಶಿವನಿಗೆ ಇರಲು ಮನೆಯಿಲ್ಲ, ಮಸಣವೇ ಗತಿ; ಹೊದೆಯಲು ಅರಿವೆಯಿಲ್ಲ, ಆನೆಯ ತೊಗಲೇ ಗತಿ; ಉಣ್ಣಲು ತಟ್ಟೆಯಿಲ್ಲ, ತಲೆಯ ಓಡೇ ಗತಿ; ಇಂತಹವನ ಮನೆತನವನ್ನು ತೂಗಿಸಿದ ಗೌರಿಯೇ ದೊಡ್ಡವಳಲ್ಲವೆ ಎಂದು. ಹರದೇಶಿಯವರು ಸುಮ್ಮನಿರುತ್ತಾರೆಯೆ? ಗಂಗೆಯ ಸೊಕ್ಕನ್ನು ಜಡೆಯಲ್ಲಿ ಕಟ್ಟಿಹಾಕಿದವನು ಯಾರು, ನಂಜನ್ನು ಕುಡಿದು ಎಲ್ಲರನ್ನೂ ಬದುಕಿಸಿದವನು ಯಾರು, ಅರ್ಧದೇಹವನ್ನು ಬೇಡಿ ಪಡೆದವಳು ಕೊಟ್ಟವನಿಗಿಂತ ಹೇಗೆ ಹೆಚ್ಚು ಎಂದು ತಿರುಗಿ ಕೇಳುತ್ತಾರೆ. ಕೇಳುವವರೆಲ್ಲ ಶಿವಭಕ್ತರೇ. ಆದರೂ ಯಾರ ಭಕ್ತಿಗೂ ಊನ ಬರುವದಿಲ್ಲ. ದೇವರನ್ನು ಹಂಗಿಸಿ ಹೊಗಳುವ ನಿಂದಾಸ್ತುತಿಯನ್ನು ಅಲಂಕಾರವೆಂದು ಒಪ್ಪಿದ ನಾಡು ಇದು.

ಇಂತಹ ಮೂದಲಿಕೆಗೆ ತಿಳಿವಳಿಕೆ ಬೇಕು. ಪುರಾಣವನ್ನು ಅರಿಯದವನು ಶಿವನನ್ನು ಹೇಗೆ ಹಂಗಿಸಿಯಾನು? ಹರದೇಶಿಯ ಹಾಡುಗಾರನು ತನ್ನ ಪಕ್ಷದ ಕತೆಗಳನ್ನು ಬಲ್ಲಷ್ಟೇ ಎದುರು ಪಕ್ಷದ ಕತೆಗಳನ್ನೂ ಬಲ್ಲವನಾಗಿರಬೇಕು. ಇಲ್ಲವಾದರೆ ಮೊದಲನೆಯ ಸವಾಲಿಗೇ ಅವನ ದಪ್ಪು ಸಡಿಲವಾಗುತ್ತದೆ. ಕೊರಿಯಾದ ಮೇಳಗಳ ಅಭಿಮಾನಿಯೂ ಹಾಗೆಯೇ. ಎದುರು ಮೇಳದ ಯಾವ ಹಾಡು ಯಾವ ವರ್ಷದ್ದು, ಯಾವುದು ಗೆದ್ದಿತು, ಯಾವುದು ಬಿದ್ದಿತು ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿರುತ್ತದೆ. ವೈರಿಯನ್ನು ಇಷ್ಟು ಅಕ್ಕರೆಯಿಂದ ಅಭ್ಯಾಸ ಮಾಡಿದವನು ಅವನನ್ನು ದ್ವೇಷಿಸಲಾರ. ನಂಜಿನ ಬೈಗುಳಕ್ಕಾದರೋ ಯಾವ ಅಭ್ಯಾಸವೂ ಬೇಡ. ಒಬ್ಬನ ಜಾತಿಯನ್ನು, ಒಬ್ಬಳ ಮೈಬಣ್ಣವನ್ನು, ಒಬ್ಬರ ಮನೆಯ ಸಾವನ್ನು ಎತ್ತಿ ಆಡುವುದಕ್ಕೆ ಎರಡಕ್ಷರದ ವಿದ್ಯೆಯೂ ಬೇಕಾಗಿಲ್ಲ. ಜ್ಞಾನವು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಈ ಬೈಗುಳವು ಮೊದಲಾಗುತ್ತದೆ.

ಹರದೇಶಿ ನಾಗೇಶಿಯ ವಿಷಯದಲ್ಲಿ ಮತ್ತೊಂದು ದೊಡ್ಡ ಸಂಗತಿಯುಂಟು. ನಾಗೇಶಿಯ ಪಕ್ಷವನ್ನು ಹಾಡಲು ಎಷ್ಟೋ ಕಡೆ ಹೆಂಗಸರೇ ದಪ್ಪು ಹಿಡಿದು ಅಟ್ಟವನ್ನೇರುತ್ತಾರೆ. ಹಗಲಿನಲ್ಲಿ ಹಿರಿಯರ ಮುಂದೆ ಸೆರಗು ಹೊದ್ದು ನಡೆಯಬೇಕಾದ ಹೆಣ್ಣುಮಗಳು, ರಾತ್ರಿ ಊರ ನಡುವೆ ನಿಂತು, ಗಂಡಸಿನ ಜಂಬವನ್ನು ಗಂಡಸರ ಎದುರಿಗೇ ಇಳಿಸುತ್ತಾಳೆ. ಗಂಡಸರು ತಲೆದೂಗಿ ನಗುತ್ತಾರೆ; ಆಯೇರಿ ಮಾಡುತ್ತಾರೆ. ‘ಹೊತ್ತು ಹೆತ್ತವಳಿಗಿಂತ ಹುಟ್ಟಿಬಂದವನು ಹೆಚ್ಚಾದುದು ಯಾವಾಗಿನಿಂದ?’ ಎಂಬ ಪ್ರಶ್ನೆಯನ್ನು ಅವಳು ಮನೆಯ ಪಡಸಾಲೆಯಲ್ಲಿ ಕೇಳಿದ್ದರೆ ಬಾಯಿ ಮುಚ್ಚಿಸುವವರು ನಾಲ್ಕು ಮಂದಿ. ಅಟ್ಟದ ಮೇಲೆ ಕೇಳಿದರೆ ಜವಾಬು ಹೊಸೆಯಬೇಕಾದವನು ಎದುರಿನ ಹಾಡುಗಾರ. ಅಲ್ಲಿ ಅವಳ ಮಾತನ್ನು ತಡೆಯಲು ಹಾಡಿನ ಹೊರತು ಬೇರೆ ಸಾಧನವಿಲ್ಲ. ಈ ಹಾಡಿಕೆಯನ್ನು ಅಸಭ್ಯವೆಂದು ನಿಲ್ಲಿಸಹೊರಟ ಮಹನೀಯರು ಮೊದಲು ಯಾರ ಬಾಯಿಯನ್ನು ಮುಚ್ಚಿಸುತ್ತಲಿದ್ದಾರೆಂಬುದನ್ನು ಎದೆ ಮುಟ್ಟಿಕೊಂಡು ಯೋಚಿಸಬೇಕು.

ಇದೊಂದೇ ಅಲ್ಲ. ಮದುವೆಯ ಚಪ್ಪರದಲ್ಲಿ ಬೀಗಿತ್ತಿಯನ್ನು ಜರೆದು ಹಾಡುವ ಪದಗಳನ್ನು ಈ ಸೀಮೆಯ ಯಾವ ಹೆಣ್ಣುಮಗಳು ಅರಿಯಳು? ಬೀಗಿತ್ತಿಯ ಹೊಟ್ಟೆ ಕಣಜವಾಗುತ್ತದೆ, ಅವಳ ನಡೆ ಎಮ್ಮೆಯ ನಡೆಯಾಗುತ್ತದೆ, ಅವಳು ತಂದ ಉಡುಗೊರೆ ಹಾಸ್ಯಕ್ಕೆ ಈಡಾಗುತ್ತದೆ. ಹಾಡು ಮುಗಿದ ಮೇಲೆ ಹಾಡಿದವರೇ ಅವಳ ಎಲೆಗೆ ಹೋಳಿಗೆ ಬಡಿಸುತ್ತಾರೆ. ಎರಡು ಮನೆತನಗಳು ಹೊಸದಾಗಿ ಕೂಡುವಾಗ ಒಳಗೊಳಗೆ ಇರುವ ಅಂಜಿಕೆ ಅನುಮಾನಗಳನ್ನೆಲ್ಲ ಆ ಹಾಡು ನಗೆಯಾಗಿ ಮಾಡಿ ಹೊರಗೆ ಹಾಕುತ್ತದೆ. ಇನ್ನು ದೊಡ್ಡ ಕಾವ್ಯಗಳಿಗೆ ಬಂದರೆ, ರನ್ನನ ಗದಾಯುದ್ಧದಲ್ಲಿ ಭೀಮನ ಮೂದಲಿಕೆಯ ಬಿಸಿಗೆ ಕೊಳದ ನೀರಿನೊಳಗೆ ಅಡಗಿದ್ದ ದುರ್ಯೋಧನನೂ ಬೆವರಿದನು. ಆ ಸನ್ನಿವೇಶವನ್ನು ಪಂಡಿತರು ಇಂದಿಗೂ ಮೈಮರೆತು ಬಣ್ಣಿಸುತ್ತಾರೆ. ಚಕ್ರವರ್ತಿಯ ಆಸ್ಥಾನದ ಕವಿ ಮೂದಲಿಸಿದರೆ ವೀರರಸ, ಯಲಬುರ್ಗಿಯ ಜಾತ್ರೆಯ ಹಾಡುಗಾರ ಮೂದಲಿಸಿದರೆ ಅಸಭ್ಯತೆ! ಈ ನ್ಯಾಯವನ್ನು ಯಾವ ಶಾಸ್ತ್ರದಲ್ಲಿ ಹೇಳಿದೆಯೋ ತಿಳಿಯದು.

ಹಾಗಾದರೆ ಬೈಗುಳದಿಂದ ಕೇಡು ಆಗುವದೇ ಇಲ್ಲವೆ? ಆಗುತ್ತದೆ, ಅದನ್ನು ಮುಚ್ಚಿಟ್ಟು ವಾದಿಸುವುದು ಅಪ್ರಾಮಾಣಿಕತೆ. ಅದೇ ಕೊರಿಯಾದಲ್ಲಿ ಸುಲ್ಲಿ ಎಂಬ ಗಾಯಕಿಯು ವರ್ಷಗಟ್ಟಲೆ ಮುಖ ಕಾಣದ ಜನರ ನೀಚ ಮಾತುಗಳಿಗೆ ಗುರಿಯಾಗಿದ್ದು, 2019ರ ಅಕ್ಟೋಬರಿನಲ್ಲಿ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮುಂದಿನ ತಿಂಗಳಿನಲ್ಲಿಯೇ ಅವಳ ಗೆಳತಿ ಗೂ ಹಾರಾ ಎಂಬ ಗಾಯಕಿಯೂ ತೀರಿಕೊಂಡಳು. ಆ ದೇಶದ ದೊಡ್ಡ ಸುದ್ದಿತಾಣಗಳಾದ ದಾವುಮ್ 2019ರಲ್ಲಿಯೂ ನೇವರ್ 2020ರಲ್ಲಿಯೂ ಕಲಾವಿದರ ಸುದ್ದಿಯ ಕೆಳಗೆ ಜನರು ತಮ್ಮ ಮಾತು ಬರೆಯುವ ಅವಕಾಶವನ್ನೇ ಮುಚ್ಚಿದವು. ಅಷ್ಟು ದೂರಕ್ಕೆ ಏಕೆ ಹೋಗಬೇಕು? 2022ರ ಡಿಸೆಂಬರಿನಲ್ಲಿ ತುಂಗಭದ್ರೆಯ ಆಚೆಯ ದಂಡೆಯ ಹೊಸಪೇಟೆಯಲ್ಲಿ, ಚಲನಚಿತ್ರವೊಂದರ ಹಾಡಿನ ಬಿಡುಗಡೆಗೆ ಬಂದು ವೇದಿಕೆಯ ಮೇಲೆ ನಿಂತಿದ್ದ ಕನ್ನಡದ ನಟರೊಬ್ಬರ ಮೇಲೆ ಗುಂಪಿನೊಳಗಿಂದ ಚಪ್ಪಲಿ ತೂರಿ ಬಂದಿತು. ಅಭಿಮಾನಿ ಪಂಗಡಗಳ ಕಲಹದ ಮಾತು ಆಗ ನಾಡೆಲ್ಲ ಹಬ್ಬಿತು. ಚಪ್ಪಲಿಗೆ ಪ್ರಾಸವಿಲ್ಲ, ತಾಳವಿಲ್ಲ. ಅದಕ್ಕೆ ಜವಾಬು ಹೊಸೆಯಲು ಯಾವ ಕವಿಗೂ ಸಾಧ್ಯವಿಲ್ಲ.

ಮಹನೀಯರು ಇದನ್ನೇ ಹಿಡಿದುಕೊಂಡು, ‘ನೋಡಿರಿ, ಮೂದಲಿಕೆಯ ಬಳ್ಳಿಯಲ್ಲಿ ಬಿಡುವ ಕಾಯಿ ಇದೇ’ ಎಂದಾರು. ಆದರೆ ಬಳ್ಳಿ ಅದಲ್ಲ. ಅಟ್ಟದ ಮೇಲಿನ ಮೂದಲಿಕೆಗೆ ಮೂರು ಕಟ್ಟುಗಳಿವೆ. ಅದು ಪಕ್ಷವನ್ನು ಹಳಿಯುತ್ತದೆ, ಹಾಡುವವನನ್ನಲ್ಲ. ಇಂದು ಹರದೇಶಿ ಹಾಡಿದವನು ಮನೆಗೆ ಹೋಗಿ ತಾಯಿಯ ಕಾಲಿಗೆ ಬೀಳತಕ್ಕವನೆಂಬುದು ಕೇಳುವವರಿಗೆಲ್ಲ ಗೊತ್ತು. ಅದು ಜವಾಬಿಗೆ ಎಡೆಯಿಟ್ಟು ನುಡಿಯುತ್ತದೆ; ಎದುರಿನವನು ತಿರುಗಿ ಹೇಳಲು ಬಾರದಂತಹ ಮಾತನ್ನು ಆಡಿದರೆ ಆಟವೇ ನಿಂತುಹೋಗುವುದರಿಂದ ಅಂತಹ ಮಾತು ಸೋಲಿನ ಗುರುತು. ಮೂರನೆಯದಾಗಿ, ಅದಕ್ಕೆ ಒಂದು ಬೆಳಗು ಇದೆ. ಮಂಗಳ ಹಾಡಿದ ಮೇಲೆ ಎರಡೂ ಮೇಳದವರು ಒಂದೇ ಪಂಕ್ತಿಯಲ್ಲಿ ಕೂತು ಚಹಾ ಕುಡಿಯುತ್ತಾರೆ. ಮೊಬೈಲಿನ ಜಗಳಕ್ಕೆ ಈ ಮೂರರಲ್ಲಿ ಕೊನೆಯದಂತೂ ಇಲ್ಲವೇ ಇಲ್ಲ. ಅಲ್ಲಿ ಎದುರಿನವನ ಮುಖ ಕಾಣದು, ರಾತ್ರಿ ಮುಗಿಯದು, ಮಂಗಳ ಹಾಡುವವರಿಲ್ಲ. ನಗೆಯಾಗಿ ಆರಂಭವಾದ ಮಾತು ಕೊನೆಗಾಣದೆ ಹುಳಿತು ನಂಜಾಗುತ್ತದೆ. ಹಾಲನ್ನು ಹೊತ್ತಿಗೆ ಸರಿಯಾಗಿ ಇಳಿಸದೆ ಇದ್ದುದಕ್ಕೆ ಹಾಲನ್ನೇ ದೂರುವುದು ಯಾವ ಜಾಣತನ?

ಇನ್ನೊಂದು ಸಂಗತಿಯೂ ವಿಚಾರಾರ್ಹವಾಗಿದೆ. ಕೊರಿಯಾದ ಅಭಿಮಾನಿಗಳ ಚರಿತ್ರೆಯಲ್ಲಿ ಅತ್ಯಂತ ಕ್ರೂರವೆಂದು ಎಣಿಸಲ್ಪಟ್ಟ ಅವಮಾನದಲ್ಲಿ ಬೈಗುಳದ ಒಂದು ಅಕ್ಷರವೂ ಇರಲಿಲ್ಲ. 2008ರ ಜೂನಿನಲ್ಲಿ ಸೋಲ್ ನಗರದ ದೊಡ್ಡ ಸಂಗೀತ ಸಭೆಯೊಂದರಲ್ಲಿ, ಹಿಂದಿನ ವರ್ಷವಷ್ಟೇ ರಂಗಕ್ಕೆ ಬಂದಿದ್ದ ಗರ್ಲ್ಸ್ ಜನರೇಶನ್ ಎಂಬ ತರುಣಿಯರ ಮೇಳವು ಹಾಡಲು ನಿಂತಾಗ, ಇತರ ಮೇಳಗಳ ಅಭಿಮಾನಿಗಳು ಒಮ್ಮೆಲೆ ತಮ್ಮ ದೀಪಗಳನ್ನು ಆರಿಸಿ ಮೌನವಾಗಿ ಕುಳಿತರು. ಕಪ್ಪು ಸಮುದ್ರವೆಂದು ಅದಕ್ಕೆ ಹೆಸರಾಯಿತು. ಆ ತರುಣಿಯರು ಕತ್ತಲಿನ ಎದುರಿಗೇ ಹಾಡಿ ಮುಗಿಸಿ, ಮುಂದೆ ಆ ನಾಡಿನ ಅಗ್ರಗಣ್ಯ ಮೇಳವಾದರೆಂಬುದು ಬೇರೆ ಮಾತು. ಬೈದವನು ಎದುರಿನವನು ಇದ್ದಾನೆಂದು ಒಪ್ಪಿಯೇ ಬೈಯುತ್ತಾನೆ. ದೀಪ ಆರಿಸಿದವನು ಅವನು ಇಲ್ಲವೇ ಇಲ್ಲವೆನ್ನುತ್ತಾನೆ. ಜಾತ್ರೆಯ ಕಾರ್ಯಕ್ರಮ ಪತ್ರಿಕೆಯಿಂದ ಹರದೇಶಿ ನಾಗೇಶಿಯ ಹೆಸರನ್ನು ಸದ್ದಿಲ್ಲದೆ ಹೊಡೆದು ಹಾಕಿ, ಆ ರಾತ್ರಿಯನ್ನು ಬಾಡಿಗೆಯ ರಸಮಂಜರಿಗೆ ಒಪ್ಪಿಸುವವರು ಮಾಡುತ್ತಲಿರುವುದೂ ಇದನ್ನೇ. ಬೈಗುಳ ಬೇಡವೆಂದು ಸಭ್ಯತೆಯ ಮಾತನ್ನಾಡುತ್ತ, ಬೈಗುಳಕ್ಕಿಂತ ದೊಡ್ಡ ಅವಮಾನವನ್ನು ಹಾಡುಗಾರರಿಗೆ ಅವರು ಮಾಡುತ್ತಲಿದ್ದಾರೆ.

‘ಈಗಿನ ಮೇಳಗಳು ಕೆಟ್ಟಿವೆ, ದುಡ್ಡಿನ ಸಲುವಾಗಿ ಎರಡರ್ಥದ ಹೊಲಸು ಪದಗಳನ್ನು ಹಾಡುತ್ತವೆ’ ಎಂಬ ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಅಂತಹ ಮೇಳಗಳೂ ಉಂಟು. ಆದರೆ ಅದಕ್ಕೆ ಹೊಣೆ ಯಾರು? ಪುರಾಣದ ಸವಾಲು ಬಂದಾಗ ಎದ್ದುಹೋಗಿ, ಹೊಲಸು ಪದ ಬಂದಾಗ ನೋಟನ್ನು ಎತ್ತಿ ತೋರಿಸುವ ಪ್ರೇಕ್ಷಕನಲ್ಲವೆ? ಅರಿತವರು ಮುಂದಿನ ಸಾಲಿನಲ್ಲಿ ಕೂತು, ‘ಇದು ಜವಾಬಲ್ಲ, ನೆಟ್ಟಗೆ ಜವಾಬು ಹಾಡು’ ಎಂದು ತಡೆದರೆ ಹಾಡುಗಾರನು ದಾರಿಗೆ ಬಂದಾನು. ಅರಿತವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದರೆ ಅಟ್ಟವು ಅರಿಯದವರ ಪಾಲಾಗುವುದು ಸಹಜವೇ. ಹೊಲದಲ್ಲಿ ಕಸ ಬೆಳೆಯಿತೆಂದು ಕಳೆ ಕೀಳುವವನು ರೈತ. ಹೊಲವನ್ನೇ ಬೀಳು ಬಿಡುವವನು ರೈತನಲ್ಲ.

ತರುಣರಿಗೂ ಹೇಳಬೇಕಾದುದು ಇಲ್ಲದಿಲ್ಲ. ಅವರ ಜಗಳದಿಂದ ಲಾಭ ಪಡೆಯುವ ವರ್ತಕರು ಬೇರೆ ಇದ್ದಾರೆ. ಯಾರ ಹಾಡನ್ನು ಎಷ್ಟು ಕೋಟಿ ಸಲ ಕೇಳಲಾಯಿತು, ಯಾರ ಮುದ್ರಿಕೆ ಎಷ್ಟು ಲಕ್ಷ ಮಾರಿತು ಎಂಬ ಎಣಿಕೆಯೇ ಅಲ್ಲಿ ಗೆಲುವಿನ ಅಳತೆಯಾಗಿರುವುದರಿಂದ, ಪಂಗಡಗಳು ಕಾದಾಡಿದಷ್ಟೂ ಕಂಪನಿಗಳ ಪೆಟ್ಟಿಗೆ ತುಂಬುತ್ತದೆ. ಹಾಡಿನ ಸೊಗಸನ್ನು ಬಿಟ್ಟು ಲೆಕ್ಕವನ್ನು ಹಿಡಿದು ಹಂಗಿಸುವುದು ಸಾಹುಕಾರನ ಗುಮಾಸ್ತರು ತಮ್ಮ ತಮ್ಮ ಧಣಿಯ ತಿಜೋರಿಯ ಸಲುವಾಗಿ ಹೊಡೆದಾಡಿದಂತೆ. ಆದರೆ ಅದೇ ಕೊರಿಯಾದ ಅಭಿಮಾನಿಗಳಲ್ಲಿ ಒಂದು ಮೆಚ್ಚತಕ್ಕ ಪದ್ಧತಿಯೂ ಬೆಳೆದಿದೆ. ತಮ್ಮ ಗಾಯಕನ ಕಾರ್ಯಕ್ರಮವಾದಾಗ ಹೂವಿನ ಹಾರಗಳ ಜೊತೆಗೆ ಅಕ್ಕಿಯ ಚೀಲಗಳನ್ನು ಕಳಿಸುತ್ತಾರೆ; ಯಾರ ಅಕ್ಕಿ ಹೆಚ್ಚೆಂಬ ಹುರುಡು ನಡೆಯುತ್ತದೆ; ಕೊನೆಗೆ ಆ ಅಕ್ಕಿಯೆಲ್ಲ ಬಡವರ ಮನೆ ಸೇರುತ್ತದೆ. ಪ್ರತಿ ವರ್ಷದ ಜಾತ್ರೆಗೆ ಊರೂರುಗಳಿಂದ ರೊಟ್ಟಿಯ ಬುಟ್ಟಿಗಳು ಗವಿಮಠದ ದಾಸೋಹಕ್ಕೆ ಬರುವುದನ್ನು ಕಂಡ ಕೊಪ್ಪಳದ ತರುಣರಿಗೆ ಈ ಹುರುಡಿನ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಈಗ ಆಗಬೇಕಾದ ಕೆಲಸವು ಬಾಯಿ ಮುಚ್ಚಿಸುವುದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಜಾತ್ರೆಯ ಪಂಚರು ವರ್ಷಕ್ಕೊಂದು ರಾತ್ರಿಯನ್ನಾದರೂ ಹರದೇಶಿ ನಾಗೇಶಿಗೆ ಕಾದಿಡಬೇಕು. ಅರ್ಧ ತಾಸಿನ ಪ್ರದರ್ಶನವೆಂದು ಅದನ್ನು ಮೊಟಕುಗೊಳಿಸಬಾರದು; ಬೆಳಗಾಗದ ವಾದವು ವಾದವಲ್ಲ. ಹೆಣ್ಣುಮಕ್ಕಳ ಮೇಳಗಳಿಗೆ ಗಂಡಸರ ಮೇಳಗಳಷ್ಟೇ ಸಂಭಾವನೆ ಸಲ್ಲಬೇಕು. ಕಾಲೇಜುಗಳ ಕನ್ನಡ ಸಂಘಗಳು, ಮೊಬೈಲಿನಲ್ಲಿ ಜಗಳವಾಡುವ ತಮ್ಮ ಹುಡುಗ ಹುಡುಗಿಯರನ್ನು ಬೈದು ಕಳಿಸುವ ಬದಲಾಗಿ ಎರಡು ಪಕ್ಷ ಮಾಡಿ ಎದುರುಬದುರು ಕೂಡ್ರಿಸಬೇಕು. ಅವರವರ ಮೇಳದ ಪಕ್ಷವನ್ನು ಕನ್ನಡದ ಪದ ಕಟ್ಟಿ ಹಾಡಲಿ. ಮೂಲಂಗಿಗೆ ಪ್ರಾಸ ಹುಡುಕಲಿ. ಸವಾಲಿಗೆ ಜವಾಬು ಕೊಡಲಿ. ಎದುರಿನವರ ಮುಖವನ್ನು ನೋಡಿ ಹಂಗಿಸಲು ಕಲಿತವನು, ಮುಖ ಕಾಣದವರನ್ನು ಹಂಗಿಸುವಾಗಲೂ ಒಂದು ಮುಖವನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ.

ಮಹನೀಯರು ಮಾತ್ರ ಆ ಸಭೆಗೆ ಬಾರದೆ ಉಳಿಯಬಾರದು. ಅವರಿಗಾಗಿ ಮುಂದಿನ ಸಾಲಿನಲ್ಲಿ ಗಾದಿಯನ್ನು ಹಾಸಿಡತಕ್ಕದ್ದು. ನಡುರಾತ್ರಿಯ ಹೊತ್ತಿಗೆ ನಾಗೇಶಿಯ ಹಾಡುಗಾರ್ತಿಯು ಅವರ ಕಡೆಗೆ ತಿರುಗಿ, ಹಾಡಿಗೆ ಹೆದರುವ ಗಂಡಸಿನ ಮೇಲೆ ಒಂದು ನುಡಿ ಎತ್ತಿದಾಳು. ಆಗ ಅವರು ನಕ್ಕರೆ ಈ ವಾದವು ಅಲ್ಲಿಗೆ ಮುಗಿಯಿತು. ನಗದೆ ಮುನಿದರೆ ಜವಾಬು ಹಾಡಲು ದಪ್ಪು ಅವರ ಎದುರಿಗೇ ಇರುತ್ತದೆ.